ಹಳೇ ಲಾರಿಯ ನೀರು ಎಲ್ಲಿಗೆ ಹೋಗುತ್ತಿದೆ? ಮನೆ ಮುಂದೆಯೇ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ಮುಂದಿನ ಬಯಲಿನಲ್ಲಿ ನಮ್ಮ ಹಳೇ ಲಾರಿ ನಿಲ್ಲುತ್ತದೆ. ತೊಗರಿ ಸುಗ್ಗಿಯಲ್ಲಿ ದಾಲ್ ಮಿಲ್ಲಿಗೆ ಚೀಲ, ಉಳಿದ ದಿನ ಶಹಾಬಾದ್ ಕಲ್ಲು. ನಾನು ಮೆಕ್ಯಾನಿಕ್ ಅಲ್ಲ. ಆದರೆ ಈ ಗಾಡಿ ನೀರು ಕುಡಿದು ಕುಡಿದು ನನಗೆ ಒಂದಿಷ್ಟು ಕಲಿಸಿದೆ. ಓಣಿಯವರು, ಗೆಳೆಯರು, ಗೆಳೆಯರ ಡ್ರೈವರ್‌ಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವನ್ನೇ ಇಲ್ಲಿ ಬರೆದಿದ್ದೇನೆ. ಎಂಜಿನ್ ತಂಪಾಗಿಡಲು ರೇಡಿಯೇಟರ್‌ಗೆ ತುಂಬುವ ದ್ರವ ಕೂಲಂಟ್. ಅದಕ್ಕೆ ನಮ್ಮ ಕಡೆ ಎಲ್ಲರೂ ನೀರು ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುತ್ತಿದೆ. ಎಲ್ಲಿಂದ ಶುರು ಮಾಡಲಿ?

ಪಾನಾ ಕೆಳಗಿಡುವುದರಿಂದ. ನಮ್ಮ ಹಳೇ ಡ್ರೈವರ್ ಕಾಕಾ ಒಬ್ಬರು ಯಾವಾಗಲೂ ಹೇಳುತ್ತಿದ್ದರು: "ನೀರ ಎಲ್ಲಿ ಹೊಂಟಾವ ಅದನ್ನ ಮೊದ್ಲ ನೋಡು, ಬಿಚ್ಚೋದು ಆಮ್ಯಾಲ."

ನೀರು ಹೋಗುವುದಕ್ಕೆ ಮುಖ್ಯವಾಗಿ ನಾಲ್ಕು ದಾರಿ. ಒಂದು, ಪೈಪು, ರೇಡಿಯೇಟರ್, ಪಂಪು ಇವುಗಳಿಂದ ಸೋರಿ ನೆಲಕ್ಕೆ. ಎರಡು, ಕ್ಯಾಪ್ ದಾಟಿ ಆವಿಯಾಗಿ ಅಥವಾ ಓವರ್‌ಫ್ಲೋ ಪೈಪಿನಿಂದ ಹೊರಗೆ. ಮೂರು, ಎಂಜಿನ್ ಆಯಿಲ್ ಒಳಗೆ. ನಾಲ್ಕು, ಸಿಲಿಂಡರ್ ಒಳಗೆ ಹೋಗಿ ಸೈಲೆನ್ಸರ್‌ನಿಂದ ಬಿಳಿ ಹೊಗೆಯಾಗಿ. ನಿಮ್ಮದು ಯಾವ ದಾರಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ಎರಡು ದಾರಿಯನ್ನು ಮನೆಯಲ್ಲೇ ಹಿಡಿಯಬಹುದು, ಎಷ್ಟೋ ಸಲ ಮನೆಯಲ್ಲೇ ಸರಿ ಮಾಡಬಹುದು. ಕೊನೆಯ ಎರಡನ್ನು ಮನೆಯಲ್ಲಿ ಹಿಡಿಯಬಹುದು, ಸರಿ ಮಾಡುವುದು ಮಿಸ್ತ್ರಿ ಕೆಲಸ.

ಹಳೇ ಗಾಡಿ ಅಲ್ವಾ, ದಿನಾ ಒಂದು ತಂಬಿಗೆ ನೀರು ಹಾಕೋದು ಮಾಮೂಲಿ ಅಂತಾರೆ.

ಮಾಮೂಲಿ ಅಲ್ಲ. ಕ್ಯಾಪ್ ಬಿಗಿಯಾಗಿ ಕೂತಿರುವ ಗಾಡಿಯಲ್ಲಿ ನೀರು ಹಾಗೆ ದಿನಾ ಇಳಿಯಬಾರದು, ಗಾಡಿ ಎಷ್ಟೇ ಹಳೆಯದಿರಲಿ.

ಆದರೆ ಒಂದು ಮಾತಿದೆ. ತುಂಬಾ ಹಳೇ ಲಾರಿಗಳಲ್ಲಿ ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಇರುವುದಿಲ್ಲ. ರೇಡಿಯೇಟರ್ ಕುತ್ತಿಗೆಯಿಂದ ಒಂದು ಸಣ್ಣ ಪೈಪು ನೇರ ನೆಲಕ್ಕೆ ಇಳಿದಿರುತ್ತದೆ. ಅಂಥ ಗಾಡಿಗೆ ಕಂಠಪೂರ್ತಿ ನೀರು ತುಂಬಿದರೆ, ಕಾದಾಗ ನೀರು ಹಿಗ್ಗಿ ಜಾಸ್ತಿ ಇದ್ದದ್ದನ್ನು ಆ ಪೈಪು ಹೊರಗೆ ಚೆಲ್ಲುತ್ತದೆ. ಮರುದಿನ ನೋಡಿದರೆ ಒಂದೆರಡು ಬೆರಳು ಕಡಿಮೆ. ಮತ್ತೆ ತುಂಬುತ್ತೀರಿ, ಅದು ಮತ್ತೆ ಚೆಲ್ಲುತ್ತದೆ. ಸೋರುವುದು ಏನೂ ಇಲ್ಲ, ಆದರೂ ದಿನಾ ನೀರು ಹಾಕುವ ಕೆಲಸ ತಪ್ಪುವುದಿಲ್ಲ. ಹಾಗಾಗಿ ಕುತ್ತಿಗೆಯಿಂದ ಎರಡು ಬೆರಳು ಕೆಳಗೆ ಬಿಟ್ಟು ತುಂಬಿ, ಮೂರು ದಿನ ನೀರು ಹಾಕದೆ ನೋಡಿ. ಮಟ್ಟ ಅಲ್ಲೇ ನಿಂತರೆ ನಿಮ್ಮ ಗಾಡಿಗೆ ರೋಗವೇ ಇಲ್ಲ. ಈ ಮೂರು ದಿನ ದೂರದ ಬಾಡಿಗೆ ಬೇಡ, ದಿನಾ ಬೆಳಗ್ಗೆ ಮಟ್ಟ ನೋಡಿಯೇ ಗಾಡಿ ಎತ್ತಿ.

ಎಂಜಿನ್ ಬಿಸಿ ಇರುವಾಗ ಕ್ಯಾಪ್ ತೆಗೆದು ನೋಡಬಹುದಾ?

ಬೇಡ. ಬಟ್ಟೆ ಸುತ್ತಿದರೂ ಬೇಡ, ನಿಧಾನಕ್ಕೆ ತಿರುಗಿಸಿದರೂ ಬೇಡ.

ಕಾರಣ ಇಷ್ಟೇ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ಒಲೆ ಮೇಲಿನ ನೀರು 98-99 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಒಳಗೆ ಕ್ಯಾಪ್ ಒತ್ತಡ ಹಿಡಿದಿರುತ್ತದೆ. 0.9 ಬಾರ್ ಕ್ಯಾಪ್ ಇದ್ದರೆ ಒಳಗಿನ ಬರೀ ನೀರು ಕೂಡ ಹೆಚ್ಚುಕಡಿಮೆ 118 ಡಿಗ್ರಿವರೆಗೆ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ, ಇಡೀ ನೀರು ಒಮ್ಮೆಲೇ ಕುದ್ದು ಮುಖಕ್ಕೆ ಹಾರುತ್ತದೆ. ಕುಕ್ಕರ್ ಸೀಟಿ ಇಳಿಯುವ ಮೊದಲೇ ಮುಚ್ಚಳ ಎಳೆದರೆ ಏನಾಗುತ್ತದೋ ಅದೇ, ಆದರೆ ಹತ್ತಾರು ಲೀಟರ್.

ಮೇಲಿನ ಹೋಸ್ ಪೈಪನ್ನು ಮುಟ್ಟಿ ನೋಡಿ. ಕೈ ಇಟ್ಟುಕೊಂಡು ನಿಲ್ಲುವಷ್ಟು ತಣ್ಣಗಾಗಿರಬೇಕು, ಹಿಸುಕಿದರೆ ಮೆತ್ತಗಿರಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಅದಕ್ಕೆ ಎರಡು ಗಂಟೆ ಬೇಕಾದರೂ ಬೇಕಾಗಬಹುದು. ನಾನಂತೂ ಈ ಕೆಲಸವನ್ನೆಲ್ಲ ಬೆಳಗಿನ ಚಹಾಕ್ಕೆ ಮೊದಲು ಇಟ್ಟುಕೊಳ್ಳುತ್ತೇನೆ.

ಏನೇನು ಸಾಮಾನು ಬೇಕು?

ಟಾರ್ಚ್. ಒಣ ಬಟ್ಟೆ. ಚಪ್ಪಟೆ ಮಾಡಿದ ದೊಡ್ಡ ರಟ್ಟಿನ ಡಬ್ಬಿ. ಸಣ್ಣ ಕನ್ನಡಿ, ಗಡ್ಡ ಮಾಡಿಕೊಳ್ಳುವಾಗ ಹಿಡಿಯುವಂಥದ್ದು ಸಾಕು. ಮೈಗೆ ಹಚ್ಚುವ ಪೌಡರ್. ಸ್ಕ್ರೂಡ್ರೈವರ್. ಚಕ್ರಕ್ಕೆ ಅಡ್ಡ ಇಡಲು ಎರಡು ಕಲ್ಲು. ಶಹಾಬಾದ್ ಕಲ್ಲಿನ ತುಂಡು ಬೇಡ, ನುಣುಪಾಗಿ ಜಾರುತ್ತದೆ.

ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಲಾರಿ ಎತ್ತರ ಇರುತ್ತದೆ, ಬಹಳಷ್ಟು ಕೆಲಸಕ್ಕೆ ಎತ್ತುವುದೇ ಬೇಕಿಲ್ಲ.

ಗಾಡಿ ಕೆಳಗೆ ಹನಿ ಬಿದ್ದಿದೆ. ಅದು ರೇಡಿಯೇಟರ್ ನೀರೇ ಅಂತ ಹೇಗೆ ಗೊತ್ತಾಗುತ್ತದೆ?

ಅದಕ್ಕೇ ರಟ್ಟು. ರಾತ್ರಿ ಎಂಜಿನ್ ಕೆಳಗೆ ಹಾಸಿ, ಮುಂದಿನ ಭಾಗ ಯಾವುದು ಅಂತ ಪೆನ್ನಿನಲ್ಲಿ ಬರೆಯಿರಿ. ಮಣ್ಣಿನ ನೆಲದಲ್ಲಿ ಹನಿ ಇಂಗಿ ಹೋಗುತ್ತದೆ, ನಮ್ಮ ಕರಿಮಣ್ಣಿನಲ್ಲಂತೂ ಕಾಣುವುದೇ ಇಲ್ಲ. ರಟ್ಟಿನ ಮೇಲೆ ಕಲೆ ಉಳಿಯುತ್ತದೆ.

ಕೂಲಂಟ್ ಹಸಿರು, ಕೆಂಪು, ಕಿತ್ತಳೆ ಅಥವಾ ನೀಲಿ ಇರಬಹುದು. ಬೆರಳಿಗೆ ಸ್ವಲ್ಪ ಜಿಗುಟು, ವಾಸನೆ ಸಿಹಿ. ಆಯಿಲ್ ಕಪ್ಪು, ಜಾರುತ್ತದೆ. ಡೀಸೆಲ್ ವಾಸನೆ ಮುಚ್ಚಿಡಲು ಆಗುವುದಿಲ್ಲ. ವಾಸನೆ ನೋಡಿ, ಆದರೆ ನಾಲಿಗೆಗೆ ಇಡಬೇಡಿ. ಕೂಲಂಟ್ ವಿಷ.

ಬರೀ ಬೋರ್ ನೀರು ಹಾಕಿಕೊಂಡು ಓಡಿಸಿದ ಗಾಡಿಯಾದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆಗ ಕಲೆಯ ಅಂಚಿನಲ್ಲಿ ತುಕ್ಕಿನ ಕಂದು ಗೆರೆ ಹುಡುಕಿ.

ಹನಿ ಬಿದ್ದ ಜಾಗದ ನೇರ ಮೇಲೆಯೇ ಸೋರಿಕೆ ಇರುತ್ತದಾ?

ಇರುವುದು ಅಪರೂಪ. ಎಲ್ಲರೂ ತಪ್ಪುವುದೂ ಇಲ್ಲೇ. ನೀರು ಎಲ್ಲೋ ಮೇಲೆ ಹೊರಬಂದು, ಪೈಪು ಹಿಡಿದು, ಎಂಜಿನ್ ಬ್ಲಾಕ್ ಅಂಚಿನಗುಂಟ ಜಾರಿ, ಕೊನೆಗೆ ಚಾಸಿಸ್ ಮೂಲೆಯಿಂದ ತೊಟ್ಟಿಕ್ಕುತ್ತದೆ. ಗಾಡಿ ಓಡುತ್ತಿದ್ದರೆ ಫ್ಯಾನ್ ಗಾಳಿ ಹನಿಯನ್ನು ಹಿಂದಕ್ಕೆ ಎರಚುತ್ತದೆ. ರೇಡಿಯೇಟರ್‌ನ ಸೋರಿಕೆ ಗೇರ್‌ಬಾಕ್ಸ್ ಹತ್ತಿರ ಒದ್ದೆ ಮಾಡಿದ್ದನ್ನು ನಾನು ನೋಡಿದ್ದೇನೆ.

ಹಾಗಾಗಿ ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು, ಎಲ್ಲಕ್ಕಿಂತ ಮುಂದಿನದನ್ನು ಹುಡುಕಿ. ಅಲ್ಲಿಂದ ಮೇಲೆ ಒಣಗಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಒದ್ದೆ ಕಾಣದಿದ್ದರೆ ಗುರುತು ಕಾಣುತ್ತದೆ. ಬಿಸಿ ಬ್ಲಾಕ್ ಮೇಲೆ ಬಿದ್ದ ಹನಿ ಆರಿ ಹೋಗಿ ಬಿಳಿ ಅಥವಾ ಹಸಿರು ಹೆಕ್ಕಳಿಕೆ ಉಳಿಯುತ್ತದೆ. ನಮ್ಮ ಸ್ನಾನದ ಹಂಡೆಯ ಅಂಚಿನಲ್ಲಿ ಕಟ್ಟುವ ಬಿಳಿ ಪದರ ಇದೆಯಲ್ಲ, ಥೇಟ್ ಹಾಗೆ. ಅನುಮಾನದ ಜಾಗವನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಮೇಲೆ ಪೌಡರ್ ಉದುರಿಸಿ. ಎಂಜಿನ್ ಶುರು ಮಾಡಿ, ಫ್ಯಾನ್‌ನಿಂದ ದೂರ ನಿಂತು, ಕಾಯಲು ಬಿಡಿ. ಆಫ್ ಮಾಡಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಪೌಡರ್ ನಡುವೆ ಒಂದು ಕಪ್ಪು ಗೆರೆ ಇಳಿದಿರುತ್ತದೆ. ಗೆರೆಯ ಮೇಲಿನ ತುದಿಯೇ ತೂತು. ನಮ್ಮ ಕಾಕಾ ಇದಕ್ಕೆ ವಿಭೂತಿ ಬಳಸುತ್ತಿದ್ದರು. ಶರಣಬಸವೇಶ್ವರರ ಊರಿನಲ್ಲಿ ವಿಭೂತಿ ಗಟ್ಟಿಗೆ ಏನು ಕೊರತೆ? ಕೆಲಸವೂ ಚೆನ್ನಾಗಿ ಆಗುತ್ತಿತ್ತು, ಗಾಡಿಗೆ ಪೂಜೆಯೂ ಆದಂತಾಗುತ್ತಿತ್ತು.

ಹೋಸ್ ಪೈಪ್ ಕೆಟ್ಟಿದೆಯಾ ಅಂತ ಹೇಗೆ ನೋಡುವುದು?

ತಣ್ಣಗಿರುವಾಗ ಹಿಸುಕಿ. ಬೆರಳಿಗೆ ಕಟಕಟ ಅಂದರೆ ಒಳಗೆ ಒಣಗಿ ಬಿರಿದಿದೆ. ಜೇಡಿಮಣ್ಣಿನ ಹಾಗೆ ಮೆತ್ತಗಾಗಿದ್ದರೆ ಆಯಿಲ್ ಕುಡಿದಿದೆ. ಕ್ಲಿಪ್ ಪಕ್ಕದಲ್ಲಿ ಉಬ್ಬಿದ್ದರೆ ಇಂದೋ ನಾಳೆಯೋ ಒಡೆಯುತ್ತದೆ. ಕೆಳಗಿನ ಹೋಸ್‌ನ ತಳಭಾಗ ಯಾರೂ ನೋಡುವುದಿಲ್ಲ, ಕನ್ನಡಿ ಹಿಡಿದು ಅದನ್ನೂ ನೋಡಿ.

ಸೋರುವುದು ಕ್ಲಿಪ್ ಹತ್ತಿರವಾದರೆ ಸ್ವಲ್ಪ ಬಿಗಿ ಮಾಡಿ. ಹಲ್ಲು ಕಚ್ಚಿ ಬಿಗಿ ಮಾಡಿದರೆ ಪಟ್ಟಿ ರಬ್ಬರಿಗೆ ಇಳಿದು ಕತ್ತರಿಸುತ್ತದೆ. ಅದಕ್ಕೂ ನಿಲ್ಲದಿದ್ದರೆ ಹೋಸ್ ತೆಗೆದು, ಲೋಹದ ಬಾಯಿಯ ಮೇಲಿನ ತುಕ್ಕು, ಪದರ ಎಲ್ಲ ಉಜ್ಜಿ ಹಾಕಿ. ಒರಟು ಬಾಯಿಗೆ ಹೊಸ ಹೋಸ್ ಹಾಕಿದರೂ ಸೋರುತ್ತದೆ.

ಚಳಿಗಾಲದ ಬೆಳಗ್ಗೆ ಮಾತ್ರ ಹನಿ ಬೀಳುತ್ತದೆ. ಗಾಡಿ ಕಾದ ಮೇಲೆ ನಿಲ್ಲುತ್ತದೆ. ಇದೇನು ವಿಚಿತ್ರ?

ವಿಚಿತ್ರ ಅಲ್ಲ. ಬೀದರ್ ಕಡೆ ರಾತ್ರಿ ನಿಲ್ಲಿಸುವವರು ಡಿಸೆಂಬರ್‌ನಲ್ಲಿ ಇದನ್ನು ಜಾಸ್ತಿ ಕೇಳುತ್ತಾರೆ. ಚಳಿಗೆ ಹಳೇ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ, ಕ್ಲಿಪ್ ಸಡಿಲಾದಂತೆ ಆಗುತ್ತದೆ. ಕಾದ ಮೇಲೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ಹೋಸ್ ಬದಲಿಸುವ ಕಾಲ ಬಂದಿದೆ ಅಂತ ತಿಳಿಯಿರಿ.

ರೇಡಿಯೇಟರ್ ಎಲ್ಲಿ ಸೋರುತ್ತದೆ?

ಹಳೇ ಹಿತ್ತಾಳೆ-ತಾಮ್ರದ ರೇಡಿಯೇಟರ್ ಆದರೆ ಮೇಲಿನ, ಕೆಳಗಿನ ಟ್ಯಾಂಕ್ ಕೂಡುವ ಬೆಸುಗೆಯಲ್ಲಿ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಬೆಸುಗೆ ಬಿರಿಯುತ್ತದೆ. ರೇಡಿಯೇಟರ್ ಕೂತಿರುವ ರಬ್ಬರ್ ಬುಶ್ ಸವೆದಿದ್ದರೆ ಇನ್ನೂ ಬೇಗ. ಬೆಸುಗೆ ಹಾಕಿಸಿ ಬುಶ್ ಹಾಗೇ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಅದೇ ಅಂಗಡಿ ಮುಂದೆ ನಿಂತಿರುತ್ತೀರಿ. ಅಲ್ಯೂಮಿನಿಯಂ ಜಾಲಿಗೆ ಪ್ಲಾಸ್ಟಿಕ್ ಟ್ಯಾಂಕ್ ಇರುವಂಥದ್ದಾದರೆ ಅವೆರಡೂ ಕೂಡುವ ಅಂಚು ನೋಡಿ.

ಜಾಲಿ ನಡುವೆ ಸೋರುತ್ತಿದ್ದರೆ ಅಲ್ಲಿನ ರೆಕ್ಕೆಗಳಿಗೆ ಹಸಿರು ಅಥವಾ ಬಿಳಿ ಬಣ್ಣ ಕಟ್ಟಿರುತ್ತದೆ. ಡ್ರೇನ್ ಕಾಕ್ ಮರೆಯಬೇಡಿ. ತಳದ ಆ ಸಣ್ಣ ತಿರುಪು ಸಡಿಲಾಗಿ ಹನಿ ಹಾಕಿದ್ದಕ್ಕೆ ರೇಡಿಯೇಟರ್ ಇಳಿಸಿದವರೂ ಇದ್ದಾರೆ.

ಇನ್ನೊಂದು. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು, ಧೂಳು ಸೇರಿ ಜಾಲಿಯ ಮುಂದೆ ಕಂಬಳಿಯಂತೆ ಕೂತುಬಿಡುತ್ತದೆ. ಗಾಡಿ ಕಾಯುತ್ತದೆ, ನೀರು ಉಕ್ಕಿ ಹೊರಗೆ ಚೆಲ್ಲುತ್ತದೆ, ಎಲ್ಲರೂ ಸೋರಿಕೆ ಹುಡುಕುತ್ತಾರೆ. ತಣ್ಣಗಾದ ಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರ್‌ನಲ್ಲಿ ತೊಳೆದರೆ ರೆಕ್ಕೆ ಮಡಚಿಕೊಳ್ಳುತ್ತವೆ.

ವಾಟರ್ ಪಂಪ್?

ಪಂಪಿನ ಶಾಫ್ಟ್ ಕೆಳಗೆ ಒಂದು ಸಣ್ಣ ರಂಧ್ರ ಇರುತ್ತದೆ. ಅದು ಬೇಕೆಂದೇ ಬಿಟ್ಟದ್ದು. ಒಳಗಿನ ಸೀಲ್ ಹೋದರೆ ನೀರು ಬೇರಿಂಗ್‌ಗೆ ಹೋಗದೆ ಅಲ್ಲಿಂದ ಹೊರಗೆ ಬರಲಿ ಅಂತ. ಅಲ್ಲಿ ಹನಿ ಇದ್ದರೆ, ಕಲೆಯ ಗೆರೆ ಇಳಿದಿದ್ದರೆ ಸೀಲ್ ಹೋಗಿದೆ. ಕೆಲವರು ಆ ರಂಧ್ರಕ್ಕೇ ಎಂ-ಸೀಲ್ ಮೆತ್ತುತ್ತಾರೆ. ಹನಿ ನಿಲ್ಲುತ್ತದೆ, ನೀರು ಬೇರಿಂಗ್ ತಿನ್ನುತ್ತದೆ. ಕೊನೆಗೆ ಶಾಫ್ಟ್ ಮುರಿದು ಫ್ಯಾನ್ ಹೋಗಿ ರೇಡಿಯೇಟರ್‌ಗೆ ಹೊಡೆಯುತ್ತದೆ. ಒಂದು ಸೀಲ್ ಉಳಿಸಲು ಹೋಗಿ ಪಂಪು, ರೇಡಿಯೇಟರ್ ಎರಡೂ ಹೋದವು ನೋಡಿ.

ಎಂಜಿನ್ ಆಫ್ ಮಾಡಿ, ಕೀ ಜೇಬಿನಲ್ಲಿಟ್ಟುಕೊಂಡು, ಫ್ಯಾನ್ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ. ಪಂಪಿನ ಶಾಫ್ಟ್ ಮೇಲೆಯೇ ಫ್ಯಾನ್ ಕೂತಿರುವ ಗಾಡಿಯಲ್ಲಿ ಲಟಲಟ ಅಂದರೆ ಬೇರಿಂಗ್ ಸವೆದಿದೆ ಅಂತ ಅರ್ಥ.

ಕ್ಯಾಪ್ ಕೂಡ ಕೆಡುತ್ತದಾ? ಸುಮ್ನೆ ಮುಚ್ಚಳ ಅಲ್ವಾ ಅದು?

ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೆ ದಂಡವನ್ನೂ ಕಟ್ಟಿದ್ದೇನೆ. ಒಂದು ಬೇಸಿಗೆಯಲ್ಲಿ ಕಲ್ಲಿನ ಲೋಡ್ ಹಾಕಿಕೊಂಡು ಹುಮನಾಬಾದ್ ಕಡೆ ಹೊರಟರೆ ಕಮಲಾಪುರ ದಾಟಿದ ಮೇಲೆ ಏರಿನಲ್ಲಿ ಗಾಡಿ ನೀರು ಚೆಲ್ಲುತ್ತಿತ್ತು. ಖಾಲಿ ಗಾಡಿಯಲ್ಲಿ ಏನೂ ಇಲ್ಲ. ತೋರಿಸಿದ ಕಡೆ ರೇಡಿಯೇಟರ್ ಕಟ್ಟಿದೆ ಅಂದರು. ಇಳಿಸಿ, ಟ್ಯಾಂಕ್ ತೆಗೆದು, ನಳಿಕೆಗಳಿಗೆ ರಾಡ್ ಹಾಕಿಸಿ ಸ್ವಚ್ಛ ಮಾಡಿಸಿ, ಮತ್ತೆ ಏರಿಸಿದೆವು. ಮೂರು ದಿನದ ಬಾಡಿಗೆ ಹೋಯಿತು. ಮುಂದಿನ ಲೋಡ್‌ಗೆ ಅದೇ ಏರು, ಅದೇ ಕಥೆ. ಕೊನೆಗೆ ಒಂದು ಧಾಬಾದಲ್ಲಿ ಪಕ್ಕದ ಲಾರಿಯ ಡ್ರೈವರ್ ನಮ್ಮ ಕ್ಯಾಪ್ ತಿರುಗಿಸಿ ಒಳಗಿನ ರಬ್ಬರ್ ತೋರಿಸಿದರು. ಹಪ್ಪಳದ ಹಾಗೆ ಒಣಗಿ ಬಿರಿದಿತ್ತು. ಹೊಸ ಕ್ಯಾಪ್ ಹಾಕಿದ ಮೇಲೆ ಆ ಬೇಸಿಗೆ ಪೂರ್ತಿ ಒಂದು ಹನಿ ಚೆಲ್ಲಲಿಲ್ಲ.

ಕ್ಯಾಪ್‌ನಲ್ಲಿ ಎರಡು ಕವಾಟ ಇವೆ. ದೊಡ್ಡದು ಸ್ಪ್ರಿಂಗ್‌ನಿಂದ ಒತ್ತಡ ಹಿಡಿಯುತ್ತದೆ. ರಬ್ಬರ್ ಬಿರಿದರೆ, ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ನಡುವಿನ ಸಣ್ಣ ಕವಾಟ ತಣ್ಣಗಾಗುವಾಗ ನೀರನ್ನೋ ಗಾಳಿಯನ್ನೋ ಒಳಗೆ ಬಿಡುತ್ತದೆ. ಅದು ಅಂಟಿಕೊಂಡರೆ ಒಳಗೆ ನಿರ್ವಾತವಾಗಿ ಹೋಸ್ ಚಪ್ಪಟೆಯಾಗುತ್ತದೆ. ಬೆಳಗ್ಗೆ ಹೋಸ್ ಒಳಗೆ ಹೀರಿದಂತೆ ಕಂಡರೆ ಹೋಸ್ ಬೈಯಬೇಡಿ, ಕ್ಯಾಪ್ ನೋಡಿ.

ಹೊಸದು ತರುವಾಗ ಹಳೆಯದರ ಮೇಲೆ ಬರೆದ ಅಂಕಿ ನೋಡಿ, ಅದೇ ಅಂಕಿಯದನ್ನು ತನ್ನಿ. ಜಾಸ್ತಿ ಒತ್ತಡದ್ದು ಹಾಕಿದರೆ ಒಳ್ಳೆಯದು ಅಂತ ಹಾಕಿದರೆ ಹಳೇ ರೇಡಿಯೇಟರ್‌ನ ಬೆಸುಗೆ ಬಿಚ್ಚಿಕೊಳ್ಳುತ್ತದೆ. ಕುತ್ತಿಗೆಯ ಒಳಗಿನ ಅಂಚು ಕೂಡ ಸಮ ಇರಬೇಕು. ಅದು ಡೊಂಕಾಗಿದ್ದರೆ ಹೊಸ ಕ್ಯಾಪ್‌ಗೂ ಹಿಡಿತ ಇರುವುದಿಲ್ಲ.

ಪ್ರೆಶರ್ ಟೆಸ್ಟ್ ಮನೆಯಲ್ಲಿ ಮಾಡಬಹುದಾ?

ಮಾಡಬಹುದು. ಕೈಪಂಪು, ಮೀಟರ್ ಇರುವ ಟೆಸ್ಟರ್ ಸಿಗುತ್ತದೆ. ಪರಿಚಯದ ಗ್ಯಾರೇಜಿನಿಂದ ಒಂದು ತಾಸಿಗೆ ಕೇಳಿ ತಂದರೂ ಆಯಿತು. ಎಂಜಿನ್ ತಣ್ಣಗಿರಬೇಕು. ನೀರು ತುಂಬಿ, ಕ್ಯಾಪ್ ಜಾಗದಲ್ಲಿ ಟೆಸ್ಟರ್ ಕೂರಿಸಿ, ಕ್ಯಾಪ್ ಮೇಲೆ ಬರೆದ ಅಂಕಿವರೆಗೆ ಮಾತ್ರ ಪಂಪ್ ಮಾಡಿ. ಕಾಲು ಗಂಟೆ ಬಿಡಿ. ಮುಳ್ಳು ಇಳಿದರೆ ಎಲ್ಲೋ ಹೋಗುತ್ತಿದೆ. ಎಂಜಿನ್ ಸದ್ದಿಲ್ಲ, ಫ್ಯಾನ್ ತಿರುಗುತ್ತಿಲ್ಲ, ಏನೂ ಬಿಸಿ ಇಲ್ಲ. ನಿಧಾನಕ್ಕೆ ಟಾರ್ಚ್ ಹಿಡಿದು ಹುಡುಕಬಹುದು. ಹುಡುಕುವ ಎಲ್ಲ ಉಪಾಯಗಳಲ್ಲಿ ನನಗೆ ಇದೇ ಮೇಲು.

ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದರೆ ಮುಂದಿನ ಪ್ರಶ್ನೆ ಓದಿ. ಸೈಕಲ್ ಪಂಪಿಗೆ ಟ್ಯೂಬ್ ವಾಲ್ವ್ ಕಟ್ಟಿ ಮೀಟರ್ ಇಲ್ಲದೆ ಗಾಳಿ ಹೊಡೆಯುವವರಿದ್ದಾರೆ. ಎಷ್ಟು ಹೊಡೆದೆವು ಅಂತ ಗೊತ್ತಾಗುವುದು ರೇಡಿಯೇಟರ್ ಒಡೆದಾಗ.

ಹೊರಗೆ ಒಂದು ಹನಿಯೂ ಇಲ್ಲ, ನೀರು ಮಾತ್ರ ಇಳಿಯುತ್ತಿದೆ.

ಹಾಗಾದರೆ ಒಳಗೆ ಹೋಗುತ್ತಿದೆ. ಒಂದೊಂದಾಗಿ ನೋಡೋಣ.

ಮೊದಲು ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ, ಅಥವಾ ಹಾಕದೆಯೇ ಮಟ್ಟ ಏರಿದ್ದರೆ, ಎಂಜಿನ್ ಶುರು ಮಾಡಬೇಡಿ. ನೀರು ಕೂಡಿದ ಆಯಿಲ್ ಬೇರಿಂಗ್‌ಗಳನ್ನು ತಿಂದುಬಿಡುತ್ತದೆ. ಆಯಿಲ್ ತುಂಬುವ ಮುಚ್ಚಳದ ಕೆಳಗೆ ಮಾತ್ರ ಒಂಚೂರು ಬಿಳಿ ನೊರೆ ಇದ್ದರೆ ಗಾಬರಿ ಬೇಡ. ಚಳಿಗಾಲದಲ್ಲಿ ಸಣ್ಣ ಸಣ್ಣ ಓಡಾಟಕ್ಕೆ ತೇವ ಕೂಡುತ್ತದೆ.

ಬಣ್ಣ ಬದಲಾಗದಷ್ಟು ಸ್ವಲ್ಪ ನೀರಾದರೆ? ಅದಕ್ಕೆ ಹಳೇ ಉಪಾಯ ಇದೆ. ಗಾಡಿಯನ್ನು ಸಮನೆಲದಲ್ಲಿ ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ಶುರು ಮಾಡದೆ, ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಬಟ್ಟಲು ಇಟ್ಟು, ಡ್ರೇನ್ ಬೋಲ್ಟನ್ನು ಪೂರ್ತಿ ತೆಗೆಯದೆ ಮೆಲ್ಲಗೆ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ರಾತ್ರಿಯಲ್ಲಿ ತಳಕ್ಕೆ ಇಳಿದಿರುತ್ತದೆ. ಮೊದಲು ನೀರಿನ ಹನಿ ಬಂದು ಆಮೇಲೆ ಆಯಿಲ್ ಬಂದರೆ ಉತ್ತರ ಸಿಕ್ಕಿತು. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಲೈನರ್‌ನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಹೊರಮೈಗೇ ನೀರು ತಾಗಿರುತ್ತದೆ, ವೆಟ್ ಲೈನರ್ ಅಂತಾರೆ. ಅದರ ಕೆಳಗಿನ ರಬ್ಬರ್ ರಿಂಗ್ ಹೋದರೆ ನೀರು ನೇರ ಚೇಂಬರ್‌ಗೆ ಇಳಿಯುತ್ತದೆ.

ಇದಕ್ಕೆ ತಿರುವುಮುರುವು, ರೇಡಿಯೇಟರ್‌ನಲ್ಲಿ ಆಯಿಲ್ ತೇಲುತ್ತಿದ್ದರೆ ಆಯಿಲನ್ನು ಈ ನೀರಿನಿಂದಲೇ ತಂಪು ಮಾಡುವ ಆಯಿಲ್ ಕೂಲರ್ ಮೇಲೆ ಅನುಮಾನ ಪಡಿ. ಎಂಜಿನ್ ಓಡುವಾಗ ಆಯಿಲ್ ಒತ್ತಡ ನೀರಿಗಿಂತ ಜಾಸ್ತಿ, ಅದಕ್ಕೇ ಆಯಿಲ್ ನೀರಿನ ಕಡೆ ನುಗ್ಗುತ್ತದೆ.

ಇನ್ನು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ತೆಳು ಹಾಳೆ. ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ನೀರು ಚೆಲ್ಲುವುದು, ಗಾಡಿ ಕಾಯುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯುವುದು, ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಅದಕ್ಕೆ ಸಿಹಿ ವಾಸನೆ. ಇವು ಅದರ ಲಕ್ಷಣ. ತಣ್ಣನೆ ಎಂಜಿನ್‌ನಲ್ಲಿ ಕ್ಯಾಪ್ ತೆಗೆದು, ಶುರು ಮಾಡಿ, ಒಂದೆರಡು ನಿಮಿಷ ದೂರದಿಂದ ಕುತ್ತಿಗೆಯೊಳಗೆ ನೋಡಿ. ಶುರುವಿನಲ್ಲಿ ನಾಲ್ಕು ಗುಳ್ಳೆ ಬಂದು ನಿಂತರೆ ಸಿಕ್ಕಿಕೊಂಡ ಗಾಳಿ. ಸೋಡಾ ಬಾಟಲಿಯಂತೆ ಬರುತ್ತಲೇ ಇದ್ದರೆ ಸಿಲಿಂಡರ್ ಗಾಳಿ ನೀರಿಗೆ ನುಗ್ಗುತ್ತಿದೆ. ಖಾತ್ರಿ ಬೇಕಾದರೆ ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಮಾಡುತ್ತಾರೆ. ಸುಟ್ಟ ಗಾಳಿ ತಾಗಿದರೆ ನೀಲಿ ಹಸಿರಿಗೋ ಹಳದಿಗೋ ತಿರುಗುತ್ತದೆ. ಮುಂಜಾನೆ ಸ್ಟಾರ್ಟರ್ ಒತ್ತಿದಾಗ ಎಂಜಿನ್ ಧಡ್ ಅಂತ ನಿಂತುಬಿಟ್ಟರೆ ಮತ್ತೆ ಮತ್ತೆ ಒತ್ತಬೇಡಿ. ಸಿಲಿಂಡರ್‌ನಲ್ಲಿ ನೀರು ನಿಂತಿರಬಹುದು. ನೀರು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೊನೆಯದು ಯಾರಿಗೂ ಹೊಳೆಯುವುದಿಲ್ಲ. ಏರ್ ಬ್ರೇಕ್ ಲಾರಿಯಾದರೆ ಏರ್ ಕಂಪ್ರೆಸರ್‌ನ ಹೆಡ್‌ಗೂ ಎಂಜಿನ್ ನೀರೇ ಹೋಗುವುದುಂಟು. ಅದರ ಗ್ಯಾಸ್ಕೆಟ್ ಹೋದರೆ ನೀರು ಗಾಳಿ ಟ್ಯಾಂಕಿಗೆ ಸೇರುತ್ತದೆ. ಟ್ಯಾಂಕಿನ ಡ್ರೇನ್ ಎಳೆದಾಗ ಸ್ವಲ್ಪ ನೀರು ಬರುವುದು ಮಾಮೂಲಿ. ಬಣ್ಣದ ನೀರು ಬಂದರೆ, ಸಿಹಿ ವಾಸನೆ ಇದ್ದರೆ ಅದು ಕೂಲಂಟ್. ಬ್ರೇಕಿನ ವಿಷಯ, ಮುಂದೂಡಬೇಡಿ.

ಟೆಂಪರೇಚರ್ ಮುಳ್ಳು ಕೆಳಗೇ ಇತ್ತು. ಆದರೂ ಎಂಜಿನ್ ಕಾದು ಹೋಯಿತು. ಹೇಗೆ?

ನೀರು ಸೆನ್ಸರ್‌ಗಿಂತ ಕೆಳಗೆ ಇಳಿದಿತ್ತು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಖಾಲಿ ಜಾಗದಲ್ಲಿ ನೇತಾಡುವ ಸೆನ್ಸರ್ ಎಲ್ಲ ತಂಪಾಗಿದೆ ಅನ್ನುತ್ತದೆ. ಮೇಲೇರುತ್ತಿದ್ದ ಮುಳ್ಳು ಏರು ಹತ್ತುವಾಗ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಖುಷಿ ಪಡಬೇಡಿ, ಗಾಡಿ ಪಕ್ಕಕ್ಕೆ ಹಾಕಿ.

ದಾರಿಯಲ್ಲೇ ಕುದ್ದರೆ?

ನಿಲ್ಲಿಸಿ. ಆವಿ ಜೋರಾಗಿ ಬರುತ್ತಿದ್ದರೆ, ನೀರು ಖಾಲಿಯಾಗಿದ್ದರೆ ಆಫ್ ಮಾಡಿ. ನೀರು ಇದೆ, ಮುಳ್ಳು ಮಾತ್ರ ಏರಿದೆ ಅಂದರೆ ಒಂದೆರಡು ನಿಮಿಷ ಲೋಡ್ ಇಲ್ಲದೆ ನಿಧಾನಕ್ಕೆ ಓಡಲು ಬಿಡಿ. ಆಮೇಲೆ ನೆರಳಲ್ಲಿ ಕೂತು ಕಾಯಿರಿ. ಜೇವರ್ಗಿ ರಸ್ತೆಯಲ್ಲಿ ನಿಂತು ಭೀಮಾ ನದಿಯ ತಣ್ಣನೆ ನೀರು ತಂದು ಕೆಂಡದಂತೆ ಕಾದ ಎಂಜಿನ್‌ಗೆ ಸುರಿದು, ಹೆಡ್ ಸೀಳಿಸಿಕೊಂಡವರ ಕಥೆ ಇಲ್ಲಿನ ಪ್ರತಿ ಧಾಬಾದಲ್ಲೂ ಒಂದಿದೆ. ಪೂರ್ತಿ ಆರಿದ ಮೇಲೆ, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಸ್ವಲ್ಪ ಸ್ವಲ್ಪ ಹಾಕಿ.

ರೇಡಿಯೇಟರ್‌ಗೆ ಅರಿಶಿನ ಹಾಕಿದರೆ ಸೋರುವುದು ನಿಲ್ಲುತ್ತದಂತೆ. ನಿಜಾನಾ?

ನಿಜ, ಸ್ವಲ್ಪ ಹೊತ್ತಿಗೆ. ಪುಡಿ ನೀರಿನಲ್ಲಿ ಉಬ್ಬಿ ಸೂಜಿಮೊನೆಯಷ್ಟು ತೂತಿಗೆ ಅಡರುತ್ತದೆ. ರಾತ್ರಿ ಹತ್ತು ಗಂಟೆಗೆ ಊರು ಹತ್ತು ಕಿಲೋಮೀಟರ್ ಇರುವಾಗ ನಾನೂ ಹಾಕಿದ್ದೇನೆ. ಆದರೆ ಅರಿಶಿನಕ್ಕೆ ತೂತು ಯಾವುದು, ರೇಡಿಯೇಟರ್ ನಳಿಕೆ ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ಮುಚ್ಚುತ್ತದೆ. ಮನೆ ಮುಟ್ಟಿದ ಮೇಲೆ ತೊಳೆಸಲೇಬೇಕು. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಡಬ್ಬಿಗೂ ಇದೇ ಮಾತು. ಮೊದಲೇ ಪದರ ಕಟ್ಟಿದ ಹಳೇ ರೇಡಿಯೇಟರ್‌ಗೆ ಅದು ಇನ್ನೊಂದು ಉರುಲು.

ಬೋರ್ ನೀರು ಹಾಕಬಹುದಾ?

ನಮ್ಮ ಕಡೆ ಬೇಡವೇ ಬೇಡ. ಶಹಾಬಾದ್, ವಾಡಿ, ಸೇಡಂ ಎಲ್ಲ ಸುಣ್ಣದಕಲ್ಲಿನ ಸೀಮೆ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೇ ಆ ಕಲ್ಲಿಗಾಗಿ. ಆ ಕಲ್ಲಿನೊಳಗಿಂದ ಬಂದ ನೀರು ಕಾದಾಗ ಸುಣ್ಣ ಬಿಡುತ್ತದೆ. ಅದು ರೇಡಿಯೇಟರ್ ನಳಿಕೆಗಳಲ್ಲಿ, ಹೆಡ್ ಒಳಗಿನ ದಾರಿಗಳಲ್ಲಿ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಕೂಲಂಟ್ ಜೊತೆ ಅರ್ಧಕ್ಕರ್ಧ ಬೆರೆಸಿ. ಡಬ್ಬಿಯ ಮೇಲೆ ರೆಡಿ ಮಿಕ್ಸ್ ಅಂತ ಇದ್ದರೆ ನೀರು ಬೆರೆಸಬೇಡಿ.

ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಅಂತ ಕೇಳುವವರಿದ್ದಾರೆ. ತುಕ್ಕು ಹಿಡಿಯದಿರಲಿ ಅಂತ, ಕುದಿಯುವ ಮಟ್ಟ ಸ್ವಲ್ಪ ಮೇಲೆ ಹೋಗಲಿ ಅಂತ. ಹಾಗಂತ ನೀರಿಲ್ಲದೆ ಬರೀ ಕೂಲಂಟ್ ಸುರಿದರೂ ತಪ್ಪು. ನೀರಿನಷ್ಟು ಬಿಸಿಯನ್ನು ಅದು ಹೊತ್ತೊಯ್ಯುವುದಿಲ್ಲ.

ಥರ್ಮೋಸ್ಟಾಟ್ ತೆಗೆದು ಬಿಸಾಕಿದರೆ ಗಾಡಿ ತಂಪಾಗಿರುತ್ತದೆ ಅಂತಾರೆ.

ಈ ಸಲಹೆ ಕೊಡುವವರು ಡೀಸೆಲ್ ಖರ್ಚು ಕೊಡುವುದಿಲ್ಲ. ಥರ್ಮೋಸ್ಟಾಟ್ ಅಂದರೆ ನೀರು ರೇಡಿಯೇಟರ್‌ಗೆ ಹೋಗುವ ದಾರಿಯ ಕವಾಟ, ಹೆಚ್ಚುಕಡಿಮೆ 80 ಡಿಗ್ರಿ ಹತ್ತಿರ ತೆರೆಯುತ್ತದೆ. ಅದಿಲ್ಲದಿದ್ದರೆ ಎಂಜಿನ್ ಬೇಗ ಕಾಯದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಕೆಲವು ಎಂಜಿನ್‌ಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿ ಮುಚ್ಚಬೇಕು. ತೆಗೆದುಬಿಟ್ಟರೆ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಅಲ್ಲೇ ಸುತ್ತುತ್ತದೆ, ಬೇಸಿಗೆಯಲ್ಲಿ ಗಾಡಿ ಇನ್ನೂ ಕಾಯುತ್ತದೆ. ಅನುಮಾನ ಇದ್ದರೆ ಅದನ್ನು ತೆಗೆದು ಒಂದು ಹಳೇ ಡಬ್ಬಿಯ ನೀರಿನಲ್ಲಿ ಕಾಯಿಸಿ ನೋಡಿ. ಕುದಿಯುವ ಮೊದಲೇ ಬಾಯಿ ಬಿಡಬೇಕು. ಅಡುಗೆಯ ಪಾತ್ರೆ ಮಾತ್ರ ಬೇಡ, ಕೂಲಂಟ್ ತಾಗಿರುತ್ತದೆ. ಅವ್ವನ ಬೈಗುಳ ಬೇರೆ.

ಬಸಿದು ತೆಗೆದ ಹಳೇ ಕೂಲಂಟ್ ಎಲ್ಲಿ ಚೆಲ್ಲಲಿ?

ಚರಂಡಿಗೆ, ಬಯಲಿಗೆ ಬೇಡ. ಸಿಹಿ ವಾಸನೆಗೆ ನಾಯಿ, ಮೇಕೆ, ಕರು ಬಂದು ನೆಕ್ಕುತ್ತವೆ, ಸ್ವಲ್ಪ ಕುಡಿದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ ಇಡಲೇಬೇಡಿ. ಮಕ್ಕಳಿರುವ ಮನೆ. ಯಾರಾದರೂ ಕುಡಿದರೆ ಲಕ್ಷಣ ಕಾಯದೆ ಆಸ್ಪತ್ರೆಗೆ ಓಡಿ. ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿ, ಹೆಸರು ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ. ಆಯಿಲ್ ಜೊತೆ ಬೆರೆಸಬೇಡಿ.

ರಿಪೇರಿ ಆಯಿತು. ಮತ್ತೆ ಸೋರುತ್ತಿಲ್ಲ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಮೊದಲು ಒಳಗಿನ ಗಾಳಿ ಹೋಗಬೇಕು. ತಣ್ಣನೆ ಎಂಜಿನ್‌ಗೆ ನಿಧಾನಕ್ಕೆ ತುಂಬಿ, ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ನೀರು ಬಂದ ಮೇಲೆ ಬಿಗಿ ಮಾಡಿ. ಕ್ಯಾಪ್ ಹಾಕದೆ ಶುರು ಮಾಡಿ, ದೂರ ನಿಂತು ನೋಡಿ. ಗುಳ್ಳೆ ಬಂದು ಮಟ್ಟ ಇಳಿಯುತ್ತದೆ. ಮತ್ತಷ್ಟು ಹಾಕಿ ಕ್ಯಾಪ್ ಮುಚ್ಚಿ. ಒಂದು ಸುತ್ತು ಓಡಿಸಿ, ಮರುದಿನ ಬೆಳಗ್ಗೆ ತಣ್ಣಗಿದ್ದಾಗ ಮತ್ತೊಮ್ಮೆ ಸರಿ ಮಾಡಿ. ಕ್ಲಿಪ್‌ಗಳನ್ನೂ ಆಗಲೇ ಇನ್ನೊಂದು ಸಲ ನೋಡಿ.

ಆಮೇಲೆ ಒಂದು ಕಡ್ಡಿಯನ್ನು ರೇಡಿಯೇಟರ್ ಕುತ್ತಿಗೆಯಿಂದ ಇಳಿಸಿ, ನೀರು ತಾಗಿದ ಕಡೆ ಗೆರೆ ಕೊರೆಯಿರಿ. ಬಾಟಲಿ ಇರುವ ಗಾಡಿಯಾದರೆ ಬಾಟಲಿ ಮೇಲೇ ಗೆರೆ ಹಾಕಿ. ಏಳು ದಿನ, ದಿನಾ ಅದೇ ಜಾಗ, ಅದೇ ಹೊತ್ತು, ತಣ್ಣನೆ ಎಂಜಿನ್. ಕೆಳಗೆ ರಾತ್ರಿ ರಟ್ಟು ಇರಲಿ. ಏಳನೇ ದಿನ ಲೋಡ್ ಹಾಕಿಕೊಂಡು ಒಂದು ಏರು ಹತ್ತಿಸಿ ಬನ್ನಿ. ಮರುದಿನ ಬೆಳಗ್ಗೆ ಗೆರೆ ಅಲ್ಲೇ ಇದ್ದು, ರಟ್ಟು ಒಣಗಿದ್ದರೆ, ರಟ್ಟನ್ನು ಮಡಚಿ ಸೀಟಿನ ಹಿಂದೆ ಇಡಿ.